ಖೋಖೋಕ್ಕೆ ಹೋಗುವ ದಾರಿ

ಕಳೆದ ಮಳೆಗಾಲದಲ್ಲಿ ನಾನು ಒಂದು ಬೇವಿನ ಸಸಿಯ ಮೇಲೆ ಕಾರು ಹತ್ತಿಸಿದೆ. ಬೇಕೆಂದು ಅಲ್ಲ, ಹಿಂದಕ್ಕೆ ತೆಗೆಯುವಾಗ. ಜೇವರ್ಗಿಯ ನಮ್ಮ ಮೈದಾನದ ಗೇಟಿನೆದುರು ಬೆಳಗಿನ ಆರೂವರೆಗೆ ಕಾರು ತಿರುಗಿಸುವುದೆಂದರೆ ಸಂತೆಯ ನಡುವೆ ಎಮ್ಮೆ ತಿರುಗಿಸಿದಷ್ಟೇ ಕಷ್ಟ. ಮುಂದೆ ಒಂದು ಕಾರು, ಹಿಂದೆ ಎರಡು ಬೈಕು, ಪಕ್ಕದಲ್ಲಿ ಸುಮ್ಮಸುಮ್ಮನೆ ಹಾರ್ನ್ ಒತ್ತುವ ಇನ್ನಾರದೋ ತಂದೆ. ಆ ಗಡಿಬಿಡಿಯಲ್ಲಿ ಟಪ್ಪೆಂದು ಸಣ್ಣ ಸದ್ದಾಯಿತು. ಇಳಿದು ನೋಡಿದರೆ ಸಸಿ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಪಕ್ಕದ ರಟ್ಟಿನ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ‘ನನ್ನನ್ನು ಬೆಳೆಸಿರಿ, ನಿಮಗೆ ಉಸಿರು ಕೊಡುತ್ತೇನೆ’ ಎಂದು ಬರೆದಿತ್ತು. ಕೆಳಗೆ ನೆಟ್ಟವರ ಹೆಸರು: ಸಿರಿ, ಏಳನೇ ತರಗತಿ.

ಸಿರಿ ನನ್ನ ಮಗಳು. ಖೋಖೋ ತರಬೇತಿಗೆಂದು ಅದೇ ಕಾರಿನಿಂದ ಅರ್ಧ ನಿಮಿಷದ ಹಿಂದೆ ಇಳಿದವಳು ಗೇಟಿನ ಬಳಿ ನಿಂತು ಎಲ್ಲವನ್ನೂ ನೋಡಿದ್ದಳು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ, ನೀವು ನಗುವುದಿದ್ದರೆ ಒಂದೇ ಸಲಕ್ಕೆ ನಕ್ಕು ಮುಗಿಸಬಹುದು.

ಮನೆಯಿಂದ ಮೈದಾನ ಎಷ್ಟು ದೂರ ಎಂದು ದಯವಿಟ್ಟು ಕೇಳಬೇಡಿ. ಕಾರಿನ ಎಸಿ ತಣ್ಣಗಾಗುವ ಮೊದಲೇ ಗೇಟು ಬಂದುಬಿಡುತ್ತದೆ. ಹಾಗಾದರೆ ಕಾರು ಯಾಕೆ? ಎಲ್ಲರೂ ತರುತ್ತಾರೆ, ಅದಕ್ಕೆ. ಮತ್ತೆ, ಮಗು ನಡೆದು ದಣಿದರೆ ಆಮೇಲೆ ಆಡುವುದು ಹೇಗೆ? ಹೀಗೆ ದಣಿಯದಂತೆ ಜೋಪಾನವಾಗಿ ತಂದಿಳಿಸಿದ ಮಕ್ಕಳನ್ನು ಅವರ ಕೋಚ್ ಮೊದಲು ಮೈ ಬಿಸಿಯಾಗಲಿ ಎಂದು ಮೈದಾನಕ್ಕೆ ಐದು ಸುತ್ತು ಓಡಿಸುತ್ತಾರೆ. ನಾವು ಹೊರಗೆ ಎಂಜಿನ್ ಆರಿಸದೆ ಕುಳಿತು, ಕೋಚ್ ಭಾಳ ಸ್ಟ್ರಿಕ್ಟ್ ಎಂದು ಮೆಚ್ಚಿಕೊಳ್ಳುತ್ತೇವೆ.

ಹೋದ ವರ್ಷ ಪರಿಸರ ದಿನಕ್ಕೆಂದು ಇದೇ ಮೈದಾನದಿಂದ ಮಕ್ಕಳ ಜಾಥಾ ಇತ್ತು. ಮುಖ್ಯ ಅತಿಥಿ ನಾನು. ಕಾಲ್ನಡಿಗೆಯ ಜಾಥಾಕ್ಕೆ ಮಕ್ಕಳೆಲ್ಲ ಗಾಡಿಗಳಲ್ಲೇ ಬಂದಿಳಿದರು. ಕರೆತಂದ ಗಾಡಿಗಳು ಗೇಟಿಗೆ ಅಡ್ಡ ನಿಂತು, ಜಾಥಾ ಹೊರಗೆ ಹೋಗಲು ದಾರಿಯೇ ಇಲ್ಲದಂತಾಯಿತು. ಆ ಹೊಗೆಯಲ್ಲಿ ಮೈಕು ಹಿಡಿದು ನಾನು ಶುದ್ಧ ಗಾಳಿಯ ಮಹತ್ವ ಹೇಳುವಾಗ ಎರಡು ಸಲ ಕೆಮ್ಮಿದೆ. ಭಾಷಣ ಮನಮುಟ್ಟುವಂತಿತ್ತು ಎಂದು ಆಮೇಲೆ ಹಲವರು ಹೇಳಿದರು.

ಇರಲಿ, ಸಸಿಯ ವಿಷಯಕ್ಕೆ ಬರುತ್ತೇನೆ. ಅದನ್ನು ನೆಟ್ಟಗೆ ನಿಲ್ಲಿಸಲು ನೋಡಿದೆ, ಆಗಲಿಲ್ಲ. ಜಜ್ಜಿದ ಎಲೆಯ ಕಹಿ ವಾಸನೆ ಬೆರಳಿಗೆ ಹತ್ತಿತು. ಮನೆಗೆ ಬಂದು ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ. ಆ ವಾಸನೆಯ ಜೊತೆಗೇ, ಭಾಷಣಕ್ಕಷ್ಟೇ ನೆನಪಾಗುತ್ತಿದ್ದ ಒಬ್ಬ ಮುದುಕಿ ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು, ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು, ನನ್ನ ಅಡುಗೆಮನೆಯೊಳಗೆ ಬಂದು ನಿಂತಳು. ಅವಳೇ ಚಂದಮ್ಮ ಆಯಿ, ಊರಿಗೆಲ್ಲ ಅಜ್ಜಿ.

ನಮ್ಮದು ಆಳಂದ ಸೀಮೆಯ ಸಣ್ಣ ಹಳ್ಳಿ. ಹೈಸ್ಕೂಲು ಇದ್ದದ್ದು ಕಿಣ್ಣಿ ಸುಲ್ತಾನದಲ್ಲಿ, ನಡೆದರೆ ಒಂದು ತಾಸಿನ ದಾರಿ. ಶಾಲೆಯ ವೇಳೆಗೆ ಬಸ್ಸಿತ್ತು. ಆದರೆ ಖೋಖೋ ತರಬೇತಿ ಶಾಲೆಗಿಂತ ಎರಡು ತಾಸು ಮೊದಲು, ಆ ಹೊತ್ತಿಗೆ ಬಸ್ಸಿಲ್ಲ. ನನಗೂ ನನ್ನ ಗೆಳತಿ ಮಹಾದೇವಿಗೂ ಆಗ ಖೋಖೋ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಅನ್ನದ ತಟ್ಟೆಯ ಮುಂದೆ ಕುಳಿತಾಗಲೂ ಕುಕ್ಕರಗಾಲಿನಲ್ಲೇ ಕೂಡುತ್ತಿದ್ದೆವು, ಯಾರಾದರೂ ಬೆನ್ನು ಮುಟ್ಟಿ ‘ಖೋ’ ಅಂದರೆ ಎದ್ದೋಡಲು ತಯಾರಾಗಿ. ಆದರೆ ಎರಡು ಹೆಣ್ಣುಮಕ್ಕಳನ್ನು ಕತ್ತಲು ಹರಿಯುವ ಹೊತ್ತಿಗೆ ತೊಗರಿ ಹೊಲದ ನಡುವಿನ ದಾರಿಯಲ್ಲಿ ಬಿಡುವವರು ಯಾರು?

ನಮ್ಮಪ್ಪ ಸಿಟ್ಟಿನ ಮನುಷ್ಯನಲ್ಲ. ಮೂರು ದಿನ ಯೋಚಿಸಿ ಒಂದೇ ಮಾತು ಹೇಳಿದ. “ಚಂದಮ್ಮ ಆಯಿ ದಿನಾ ಮಸರ ತಗೊಂಡು ಹೋಗ್ತಾಳಲ್ಲ, ಆಕಿ ಸಂಗಟ ಹೋಗ್ರಿ. ಆಕಿ ಬಿಟ್ಟು ಒಂದ ಹೆಜ್ಜಿ ಹಿಂದ ಮುಂದ ಆದ್ರ, ಅವತ್ತಿಗಿ ಆಟ ಬಂದ್.” ಮಹಾದೇವಿಯ ಮನೆಯಲ್ಲೂ ಅದೇ ಮಾತಾಯಿತು. ಹೀಗೆ ನಮ್ಮ ಖೋಖೋ ಒಬ್ಬ ಮೊಸರು ಮಾರುವ ಮುದುಕಿಯ ಕಾಲಿನ ಮೇಲೆ ನಿಂತಿತು.

ಆ ಕಾಲುಗಳನ್ನು ನೀವು ನೋಡಬೇಕಿತ್ತು. ಅರವತ್ತು ದಾಟಿದ ಹೆಂಗಸು, ಮುಂಗೈಯಷ್ಟೇ ದಪ್ಪದ ಮೀನಖಂಡ, ತೇಪೆ ಹಾಕಿದ ಚಪ್ಪಲಿ. ಮೊದಲ ವಾರ ಅವಳ ಸರಿಸಮ ನಡೆಯಲು ನಾವು ಓಡಬೇಕಾಯಿತು. “ಏ ಹುಡುಗೂರ, ಖೋಖೋ ಆಡವರಂತ ಆಡವರು! ನನ್ನ ನೆರಳು ಹಿಡಿಲಾಕ ಬರವಲ್ಲದು ನಿಮಗ,” ಎಂದು ಬೇವಿನ ಕಡ್ಡಿಯನ್ನು ಬಾಯಿಯ ಒಂದು ಬದಿಗೆ ಸರಿಸಿ ಬೈಯುತ್ತಿದ್ದಳು. ಗಡಿಗೆ ಅಲುಗುತ್ತಿರಲಿಲ್ಲ, ಬಾಯಿ ನಿಲ್ಲುತ್ತಿರಲಿಲ್ಲ. ಯಾವ ಹೊಲ ಯಾರದು, ಯಾವ ಬದುವಿಗೆ ಯಾರು ಜಗಳಾಡಿದರು, ಯಾವ ಸೊಸೆ ಯಾವ ಅತ್ತೆಗೆ ಏನೆಂದಳು, ಎಲ್ಲವೂ ಆ ಒಂದು ತಾಸಿನಲ್ಲಿ ನಮಗೆ ತಿಳಿಯುತ್ತಿತ್ತು. ಜೀವಶಾಸ್ತ್ರದ ಆಸಕ್ತಿ ನನಗೆ ಅಲ್ಲೇ ಹತ್ತಿರಬೇಕು.

ದಾರಿಯಲ್ಲಿ ಹೋಗುವ ಎತ್ತಿನ ಗಾಡಿ, ಟ್ರ್ಯಾಕ್ಟರು, ಸೈಕಲ್ಲು ಸಹ ನಿಂತು “ಕೂಡ್ರಿ ಆಯಿ” ಅನ್ನುತ್ತಿದ್ದವು. ನಮ್ಮ ಕಡೆಯ ಜನಕ್ಕೆ ಇದೊಂದು ಕಾಯಿಲೆ. ನಡೆಯುವವರನ್ನು ಕಂಡರೆ ಅವರಿಗೆ ತಡೆಯಲಾಗುವುದಿಲ್ಲ, ಎತ್ತಿ ಕೂರಿಸಿಕೊಳ್ಳಬೇಕು. ಆಯಿ ಮಾತ್ರ ಯಾರ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಗಾಡಿಯ ಕುಲುಕಾಟಕ್ಕೆ ಮೊಸರು ಒಡೆಯುತ್ತದೆ ಎಂದು ಒಬ್ಬರಿಗೆ, ಗುರುವಾರ ತಾನು ಗಾಡಿ ಹತ್ತುವುದಿಲ್ಲ ಎಂದು ಇನ್ನೊಬ್ಬರಿಗೆ ಹೇಳುತ್ತಿದ್ದಳು. ನಿಜ ಊರಿಗೆಲ್ಲ ಗೊತ್ತಿತ್ತು. ಚಕ್ರದ ಮೇಲೆ ಕುಳಿತು ಹತ್ತು ಮಾರು ಹೋದರೆ ಸಾಕು, ಅವಳಿಗೆ ಹೊಟ್ಟೆ ತೊಳಸಿ ವಾಂತಿ ಬರುತ್ತಿತ್ತು. ತಮ್ಮನ ಮಗಳ ಮದುವೆಗೆ ಬೀಗರೆಲ್ಲ ಟ್ರ್ಯಾಕ್ಟರಿನಲ್ಲಿ ಹೋದರೆ ಅವಳು ಹಿಂದೆ ನಡೆದುಕೊಂಡು ಹೋಗಿ, ಅಕ್ಷತೆ ಬಿದ್ದ ಮೇಲೆ ಮುಟ್ಟಿದ್ದಳಂತೆ. ಈ ವಿವರವನ್ನು ಪರಿಸರ ದಿನದ ಆ ಭಾಷಣದಲ್ಲಿ ನಾನು ಬಿಟ್ಟುಬಿಟ್ಟಿದ್ದೆ. ‘ಇಂಧನ ಮುಟ್ಟದ ಒಬ್ಬ ಮಹಾತಾಯಿ’ ಎಂದು ಅವಳ ಹೆಸರು ಹೇಳದೆ ಹೊಗಳಿ ಚಪ್ಪಾಳೆ ಗಿಟ್ಟಿಸಿಕೊಂಡೆ. ಹೊಟ್ಟೆ ಒಪ್ಪಿದ್ದರೆ ಆ ಮಹಾತಾಯಿ ಮೊದಲ ಸೀಟಿನಲ್ಲೇ ಕೂಡುತ್ತಿದ್ದಳು.

ಹೀಗೆ ಒಂದು ವರ್ಷ ನಡೆಯಿತು. ಅಫಜಲಪುರದಲ್ಲಿ ಪಂದ್ಯವಿದೆ, ತಂಡ ಆರಿಸುತ್ತೇನೆ, ಸರಿಯಾಗಿ ಆರೂವರೆಗೆ ಬನ್ನಿ ಎಂದು ಪಿಟಿ ಸರ್ ಹೇಳಿದರು. ಆ ಬೆಳಿಗ್ಗೆ ನಮ್ಮೂರ ಕ್ರಾಸಿಗೆ ಬಂದಾಗ ಅಲ್ಲೊಂದು ಟಂಟಂ ನಿಂತಿತ್ತು. ಮೂರು ಚಕ್ರದ ಆ ಗಾಡಿಯನ್ನು ನೋಡದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಡ್ರೈವರ್ ಎಂದಿನಂತೆ ಕೂಗಿದ.

“ಕೂಡ್ರಿ ಆಯಿ, ಈಗ ಬಿಡ್ತೀನಿ, ಐದ ಮಿನಿಟು.”

ಮಹಾದೇವಿ ನನ್ನನ್ನು ಚಿವುಟಿದಳು. “ಇವತ್ತ ಕಾಲ ಉಳಸ್ಕೋಬೇಕು ಬೇ. ಅಲ್ಲಿ ಓಡಸ್ತಾರ.”

ಕಾಲು ಉಳಿಸಿಕೊಳ್ಳುವುದು! ಒಂದು ವರ್ಷ ನಡೆದು ಗಟ್ಟಿಯಾದ ಕಾಲುಗಳನ್ನು, ನಡೆದರೆ ಸವೆದುಹೋಗುತ್ತವೆ ಎಂದು ನಾವಿಬ್ಬರೂ ಆ ಕ್ಷಣ ಮನಸಾರೆ ನಂಬಿದೆವು. ಆಯಿಯ ಮುಖ ನೋಡಿದೆವು. ಅವಳು ಕಡ್ಡಿ ಉಗುಳಿದಳು.

“ಕೂಡ್ತೀರೇನು? ಕೂಡ್ರಿ. ನಾ ಮುಂದ ಹೋಗಿರ್ತೇನಿ.”

ಹಾಗಂದು ಹೋಗಿಯೇ ಬಿಟ್ಟಳು. ನಾವು ಟಂಟಂನಲ್ಲಿ ಕುಳಿತೆವು. ಟಂಟಂ ತುಂಬದೆ ಹೊರಡುವುದಿಲ್ಲ ಎಂಬುದು ನಿಮಗೂ ಗೊತ್ತು. ತುಂಬಿತು ಎಂದು ನಮಗನಿಸಿದಾಗ ಡ್ರೈವರನ ಕಣ್ಣಿಗೆ ಇನ್ನೂ ನಾಲ್ಕು ಮಂದಿಯ ಜಾಗ ಕಾಣುತ್ತಿರುತ್ತದೆ. ಇಬ್ಬರು ಬಂದರು, ಒಬ್ಬನಿಗೆ ಚಪ್ಪಲಿ ಮರೆತ ನೆನಪಾಗಿ ಮನೆಗೆ ಹೋದ, ಅವನು ಬರುವ ತನಕ ಇನ್ನೊಬ್ಬ ಚಹಾಕ್ಕೆ ಹೋದ. ಆಮೇಲೆ ಒಂದು ಆಡು ಹತ್ತಿತು. ಸೂರ್ಯ ಮೇಲೆ ಬಂದ. ಇಳಿದು ಓಡಿದ್ದರೂ ಮುಟ್ಟುತ್ತಿದ್ದೆವು. ಆದರೆ ಒಮ್ಮೆ ಕುಳಿತ ಮೇಲೆ ಎಲ್ಲರ ಎದುರು ಇಳಿಯುವುದು ಹೇಗೆ? ಈಗ ಬಿಡ್ತಾನ, ಈಗ ಬಿಡ್ತಾನ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕುಳಿತೇ ಇದ್ದೆವು.

ಶಾಲೆ ಮುಟ್ಟಿದಾಗ ಆಯಿ ಮೊಸರೆಲ್ಲ ಕೊಟ್ಟು ಮುಗಿಸಿ, ಕಂಪೌಂಡಿನ ಕಟ್ಟೆಯ ಮೇಲೆ ಖಾಲಿ ಗಡಿಗೆ ಇಟ್ಟುಕೊಂಡು ಕುಳಿತಿದ್ದಳು. ಪಿಟಿ ಸರ್ ನಮ್ಮಿಬ್ಬರನ್ನೂ ಮೈದಾನದ ಸುತ್ತ ಉಳಿದವರ ಎರಡರಷ್ಟು ಓಡಿಸಿದರು. ಆಮೇಲೆ ತಂಡಕ್ಕೆ ಆರಿಸಿಯೂ ಆರಿಸಿದರು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಒಂಬತ್ತು ಮಂದಿ ಆಡುವ ಆಟಕ್ಕೆ ನಮ್ಮ ಶಾಲೆಯಲ್ಲಿ ಇದ್ದದ್ದೇ ಒಂಬತ್ತು ಹುಡುಗಿಯರು.

ಸುದ್ದಿ ನಮಗಿಂತ ಮೊದಲು ಊರು ಸೇರಿತು. ಮಧ್ಯಾಹ್ನಕ್ಕೇ ಯಾರೋ ಅಪ್ಪನ ಕಿವಿಗೆ ಹಾಕಿದ್ದರು: ಎರಡು ಹುಡುಗಿಯರು, ಗಂಡಸರ ನಡುವೆ, ಟಂಟಂನಲ್ಲಿ, ಆಯಿ ಇಲ್ಲದೆ. ಸಂಜೆ ನಾನು ಮನೆಗೆ ಬಂದಾಗ ಅಪ್ಪ ಎತ್ತುಗಳಿಗೆ ಮೇವು ಹಾಕುತ್ತಿದ್ದ. ತಿರುಗಿ ನೋಡದೆ “ನಾಳಿಂದ ಬ್ಯಾಡವ್ವ” ಎಂದ. ಅಷ್ಟೇ. ಬೈದಿದ್ದರೆ ವಾದ ಮಾಡಬಹುದಿತ್ತು. ನಾನು ಒಳಗೆ ಹೋಗಿ ಖೋಖೋಕ್ಕೆಂದೇ ತಂದಿದ್ದ, ಬೆಳ್ಳಿಯ ಬಣ್ಣದ ಹೊಸ ಲೇಸಿನ ಬೂಟನ್ನು ಟ್ರಂಕಿನಲ್ಲಿಟ್ಟು ಅತ್ತೆ. ಅಪ್ಪ ಬೇಡವೆಂದರೆ ಮಹಾದೇವಿಯ ಮನೆಯವರೂ ಬೇಡವೆನ್ನುವವರೇ. ನಾವಿಬ್ಬರು ಇಲ್ಲದಿದ್ದರೆ ಏಳು ಮಂದಿ ಉಳಿಯುತ್ತಾರೆ, ತಂಡವೇ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಆಯಿ ಬಂದಳು. ಯಾರು ಹೇಳಿದರೋ.

“ಯಾಕ, ಹುಡುಗೂರ್ನ ಬಿಡಸ್ದಿ ಅಂತ?”

“ನಿನ್ನ ಬಿಟ್ಟು ಟಂಟಂದಾಗ ಹೋಗ್ಯಾವ ಆಯಿ.”

“ನನ್ನ ಬಿಟ್ಟು ಅಂತ ಯಾರಂದ್ರು? ನಾನೂ ಕುಂತಿದ್ನಲ್ಲ.”

ಅಪ್ಪನಿಗೆ ನಗು ತಡೆಯಲಾಗಲಿಲ್ಲ. “ನೀ? ಗಾಡ್ಯಾಗ?”

“ಹೌದೋ, ಗಾಡ್ಯಾಗ. ಯಾಕ, ನಾ ಕೂಡಬಾರದೇನು?”

“ಹಂಗಾದ್ರ ನಾಳಿಗಿ ಕೂಡು. ಕ್ರಾಸಿಗಿ ಬಂದು ನೋಡ್ತೇನಿ,” ಎಂದ ಅಪ್ಪ. ಆಯಿ ಸೆರಗು ಸರಿಮಾಡಿಕೊಂಡು, “ನೋಡಾಕ ಬಾ,” ಎಂದು ಎದ್ದು ಹೋದಳು.

ಮರುದಿನ ಅಪ್ಪ ನಿಜವಾಗಿಯೂ ಕ್ರಾಸಿಗೆ ಬಂದು, ತಲೆಗೆ ಟವೆಲ್ಲು ಸುತ್ತಿಕೊಂಡು ಕೈಕಟ್ಟಿ ನಿಂತ. ಆಯಿ ಟಂಟಂ ಹತ್ತಿದಳು. ಹತ್ತುವ ಮೊದಲು ಒಮ್ಮೆ ನಿಂತು ಆ ಗಾಡಿಯನ್ನು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಒಂದು ಕೈಯಿಂದ ಗಡಿಗೆ, ಇನ್ನೊಂದರಿಂದ ನನ್ನ ಮುಂಗೈ ಹಿಡಿದಳು. ಅವಳ ಪುಣ್ಯಕ್ಕೆ ಅವತ್ತು ಟಂಟಂ ಬೇಗ ತುಂಬಿತು. ಗಾಡಿ ಹೊರಟಿತು, ಅವಳ ಹಿಡಿತ ಬಿಗಿಯಾಯಿತು, ಹಣೆಯಲ್ಲಿ ಬೆವರು ಬಂತು, ತುಟಿ ಬಿಳಿಚಿತು. ಬಾಯಿ ಬಿಡಲಿಲ್ಲ. ಮಾತಿಲ್ಲದ ಆಯಿಯನ್ನು ನಾನು ನೋಡಿದ್ದು ಅದೊಂದೇ ಸಲ. ಜಾಲಿ ಗಿಡಗಳಿರುವ ತಿರುವು ದಾಟುತ್ತಿದ್ದಂತೆ ಡ್ರೈವರನ ಬೆನ್ನಿಗೆ ಗುದ್ದಿ, “ನಿಂದ್ರಸೋ” ಎಂದಳು. ಗಡಿಗೆಯನ್ನು ನನ್ನ ಕೈಗೆ ಕೊಟ್ಟು ಇಳಿದು, ದಾರಿಯ ಬದಿಗೆ ಕುಳಿತು, ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಳು. ನಾನು ಅಳತೊಡಗಿದೆ. ಮಹಾದೇವಿ ಅವಳ ಬೆನ್ನು ತಿಕ್ಕಿದಳು. ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿ ಆಯಿ ನನ್ನತ್ತ ನೋಡಿದಳು.

“ಅಳ್ತಿ ಯಾಕ ಬೇ? ಮಸರೇನು ಚೆಲ್ಲಿಲ್ಲಲ್ಲ?”

ಇಲ್ಲವೆಂದು ತಲೆಯಾಡಿಸಿದೆ.

“ಮತ್ತ ನಡೀರಿ, ಹೊತ್ತಾತು.”

ಸ್ವಲ್ಪ ದೂರ ನಡೆದ ಮೇಲೆ, ನಮಗಾಗಿ ಯಾಕೆ ಇಷ್ಟು ಕಷ್ಟ ಪಟ್ಟೆ ಎಂದು ಕೇಳಿದೆ. “ನಿಮ್ಮ ಸಲುವಾಗಿ ಅಂತ ಯಾರಂದ್ರು?” ಎಂದಳು. “ಇಷ್ಟ ವರ್ಷ ಒಬ್ಬಾಕಿನೇ ನಡದು ನಡದು ಬಾಯಿ ಒಣಗಿ ಹೋಗಿತ್ತು. ನೀವು ಬಿಟ್ರ ನನ್ನ ಮಾತು ಕೇಳವರ್ಯಾರು?” ನಾನು ಆಗ ಅದನ್ನು ತಮಾಷೆ ಎಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ.

ಅಪ್ಪನಿಗೆ ಎಲ್ಲ ಗೊತ್ತಾಗಿತ್ತಂತೆ. ಅಂಗೈಯಷ್ಟು ಮಟ್ಟಸವಾದ ನಮ್ಮ ಎರೆಭೂಮಿಯಲ್ಲಿ ಯಾವ ತಿರುವಿನ ಹಿಂದೆ ಏನನ್ನು ಮುಚ್ಚಿಡಲಾಗುತ್ತದೆ? ಟಂಟಂ ನಿಂತದ್ದು, ಮೂರು ಮಂದಿ ಇಳಿದದ್ದು, ಒಬ್ಬರು ಬಗ್ಗಿದ್ದು, ಆಮೇಲೆ ಮೂವರೂ ನಡೆದದ್ದು, ಎಲ್ಲವನ್ನೂ ಕ್ರಾಸಿನಲ್ಲೇ ನಿಂತು ನೋಡಿದ್ದ. ನನ್ನ ಮದುವೆಯ ಮಾರನೆಯ ದಿನ ಅದನ್ನು ಹೇಳಿದ. ಆಯಿ ಟಂಟಂ ಹತ್ತಿದ ದಿನ ಮನೆಗೆ ಹೋಗಿ ಟ್ರಂಕಿನಿಂದ ನನ್ನ ಬೂಟು ತೆಗೆದು ಹೊರಗಿಟ್ಟವನೂ ಅವನೇ. ಬೂಟು ಹಾಕಿಕೊಂಡು ಅಫಜಲಪುರಕ್ಕೆ ಹೋಗಿ ಮೊದಲ ಪಂದ್ಯದಲ್ಲೇ ಸೋತು ಬಂದೆವು.

ಇದನ್ನೆಲ್ಲ ಸಸಿ ಸತ್ತ ದಿನ ರಾತ್ರಿ ಊಟದ ಹೊತ್ತಿಗೆ ಸಿರಿಗೆ ಹೇಳಿದೆ, ಅವಳ ಸಿಟ್ಟು ಇಳಿಯಲಿ ಎಂದು. ಇಳಿಯಲಿಲ್ಲ.

“ನಾಳಿಂದ ನಾ ನಡ್ಕೊಂತ ಹೋಗ್ತೀನಿ.”

“ಲಾರಿ ಅವ, ನಾಯಿ ಅವ. ಒಬ್ಬಾಕಿನ್ನ ಹ್ಯಾಂಗ ಬಿಡ್ಲಿ?”

“ಹಂಗಾದ್ರ ನೀ ಬಾ ನನ್ನ ಸಂಗಟ. ಮಸರ ಬ್ಯಾರೆ ಹೊರಬೇಕಾಗಿಲ್ಲ.”

ನಡೆದೆವು. ಜೇವರ್ಗಿಯಲ್ಲಿ ಕಾರಿದ್ದವರು ನಡೆಯುವುದು ಸುಲಭ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಮೊದಲ ದಿನ ನಾಲ್ಕು ಗಾಡಿಗಳು ನಿಂತವು. “ಮೇಡಂ, ಗಾಡಿ ಕೆಟ್ಟದೇನ್ರಿ?” ಎಂದು ಒಬ್ಬರು. “ಡಾಕ್ಟರ್ ನಡೀಲಿಕ್ಕ ಹೇಳ್ಯಾರೇನ್ರಿ? ಶುಗರಾ?” ಎಂದು ಇನ್ನೊಬ್ಬರು. ಇಲ್ಲರಿ, ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ಅವರ ಮುಖದಲ್ಲಿ ಮರುಕ ಇನ್ನೂ ಹೆಚ್ಚಾಗುತ್ತಿತ್ತು. ಮೂರನೆಯ ದಿನ ನನ್ನ ಸಹೋದ್ಯೋಗಿಯೊಬ್ಬರು ನನ್ನ ಗಂಡನಿಗೆ ಫೋನು ಮಾಡಿ, ಮನೆಯಲ್ಲಿ ಎಲ್ಲ ಸರಿಯಾಗಿದೆಯಲ್ಲ ಎಂದು ಬಹಳ ನಾಜೂಕಾಗಿ ವಿಚಾರಿಸಿದರು. ನನ್ನ ಗಂಡ ಆ ನಾಜೂಕನ್ನು ಒಂದು ವಾರ ಆಡಿ ತೋರಿಸಿದರು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಪಲ್ಲವಿ ಎಂಬ ಹುಡುಗಿ ಇದ್ದಾಳೆ, ಸಿರಿಯ ತಂಡದವಳು. ಅವಳ ತಂದೆ ಬಸ್ ಡ್ರೈವರ್. ಅವರ ಡ್ಯೂಟಿ ಬೆಳಗಿನ ಪಾಳಿಗೆ ಬದಲಾದ ಮೇಲೆ ಬೈಕಿನಲ್ಲಿ ಬಿಡುವವರಿಲ್ಲದೆ ಎರಡು ತಿಂಗಳಿಂದ ಆಟ ನಿಂತಿತ್ತು. ನಮ್ಮ ಕಾರಿನಲ್ಲಿ ಬರಲಿ ಎಂದು ನಾನು ಎಷ್ಟೋ ಸಲ ಕರೆದಿದ್ದೆ. “ಬ್ಯಾಡ್ರಿ ಮೇಡಂ, ದಿನಾ ನಿಮಗ ತ್ರಾಸು,” ಎಂದು ಅವಳ ತಾಯಿ ಜಯಶ್ರೀ ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು. ಖಾಲಿ ಸೀಟಿಗೆ ತ್ರಾಸೇನು ಎಂದು ನನಗೆ ಒಳಗೊಳಗೇ ಬೇಸರವೂ ಆಗಿತ್ತು. ನಾವು ನಡೆಯತೊಡಗಿದ ಐದನೆಯ ದಿನ, ಕರೆಯದೆಯೇ ಪಲ್ಲವಿ ಬೂಟು ಕಟ್ಟಿಕೊಂಡು ತಮ್ಮ ಗೇಟಿನಲ್ಲಿ ನಿಂತಿದ್ದಳು. ಜಯಶ್ರೀ ಬಾಗಿಲಿನಿಂದ “ಕರ್ಕೊಂಡು ಹೋಗ್ರಿ” ಎಂದಳು, ಅಷ್ಟೇ. ಕಾರಿನಲ್ಲಿ ಕೂರಿಸಿಕೊಂಡರೆ ಅದು ನಮ್ಮ ಹಂಗು. ಜೊತೆಗೆ ನಡೆದರೆ ಯಾರದೂ ಹಂಗಿಲ್ಲ, ರಸ್ತೆ ಎಲ್ಲರದು. ಇಷ್ಟು ಸಣ್ಣ ಸಂಗತಿ ಎರಡು ತಿಂಗಳು ನನಗೆ ಹೊಳೆದಿರಲಿಲ್ಲ.

ಹೋದ ವಾರ ನನಗೆ ಜ್ವರ ಬಂತು. ಏಳಲು ಆಗಲಿಲ್ಲ, ಗಂಡ ಊರಲ್ಲಿರಲಿಲ್ಲ. ಇವತ್ತು ಆಟ ಬೇಡ ಎಂದು ಪಲ್ಲವಿಗೆ ಹೇಳಿ ಬಾ ಅಂದೆ. ಸಿರಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಗೇಟಿನ ಸದ್ದಾಯಿತು. ಬಂದವಳು ಜಯಶ್ರೀ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದಳು, ಕಾಲಿಗೆ ಗಂಡನ ಚಪ್ಪಲಿ. ಇಷ್ಟು ವರ್ಷದಲ್ಲಿ ಬೆಳಗಿನ ಆ ಹೊತ್ತಿಗೆ ಅವಳು ಬಾಗಿಲು ದಾಟಿ ಬಂದದ್ದನ್ನು ನಾನು ನೋಡಿರಲಿಲ್ಲ.

“ನೀವು ಮಲ್ಕೋರಿ ಮೇಡಂ. ಇಬ್ರನೂ ನಾ ಕರ್ಕೊಂಡು ಹೋಗ್ತೇನಿ.”

ನಾನು ತಕ್ಷಣ ಹೂಂ ಅನ್ನಲಿಲ್ಲ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಹೆದ್ದಾರಿಯ ಲಾರಿಗಳು ಕಣ್ಣಮುಂದೆ ಬಂದವು. ನನ್ನ ಮಗಳನ್ನು ಇವಳು ಸರಿಯಾಗಿ ದಾಟಿಸುತ್ತಾಳೋ ಇಲ್ಲವೋ ಎಂದು ಯೋಚಿಸುತ್ತ ಅವಳನ್ನೇ ನೋಡಿದೆ. ಅವಳಿಗೆ ಅದು ಅರ್ಥವಾಗಿರಬೇಕು.

“ಫಿಕರ್ ಮಾಡಬ್ಯಾಡ್ರಿ. ನಾನೂ ನಮ್ಮೂರು ಅಂದೋಲಾದಾಗ ಸಾಲಿಗಿ ಹೋಗುವಾಗ ಖೋಖೋ ಆಡ್ತಿದ್ದೆ,” ಎಂದಳು. ಆಮೇಲೆ ನೆಲ ನೋಡುತ್ತ, “ಒಂಬತ್ತನೇ ಕ್ಲಾಸಿನ್ಯಾಗ ಬಿಡಿಸಿದ್ರು. ಸಂಗಟ ಬರವರು ಯಾರೂ ಇರ್ಲಿಲ್ರಿ,” ಎಂದಳು.

“ಹೋಗ್ಬರ್ರಿ,” ಎಂದೆ.

ಎಂಟಕ್ಕೆ ಬರಬೇಕಾದವರು ಎಂಟೂವರೆಯಾದರೂ ಬರಲಿಲ್ಲ. ಜ್ವರವನ್ನೂ ಮರೆತು ಗೇಟಿಗೆ ಬಂದು ನಿಂತೆ. ಒಂಬತ್ತರ ಹೊತ್ತಿಗೆ ಓಣಿಯ ತಿರುವಿನಲ್ಲಿ ಮೂವರೂ ಕಾಣಿಸಿದರು. ಹುಡುಗಿಯರಿಬ್ಬರೂ ನಗು ತಡೆಯಲಾಗದೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಜಯಶ್ರೀ ಹಿಂದೆ ಬರುತ್ತಿದ್ದಳು, ಬರಿಗಾಲಿನಲ್ಲಿ, ಚಪ್ಪಲಿ ಕೈಯಲ್ಲಿ. ಸೆರಗು ಸೊಂಟಕ್ಕೆ ಬಿಗಿದಿತ್ತು, ಸೀರೆಯ ಅಂಚು ಹರಿದಿತ್ತು, ಮೊಣಕೈಯವರೆಗೂ ಮೈದಾನದ ಮಣ್ಣು.

“ಯಾಕ್ರಿ, ಬಿದ್ರೇನು?” ಎಂದು ಗಾಬರಿಯಿಂದ ಕೇಳಿದೆ.

“ಇಲ್ರಿ,” ಎಂದಳು ಜಯಶ್ರೀ, ಏದುಸಿರು ಬಿಡುತ್ತ. “ಒಬ್ಬಾಕಿ ಹುಡುಗಿ ಬಂದಿರ್ಲಿಲ್ಲ. ಒಂಬತ್ತು ಮಂದಿ ಬೇಕಲ್ರಿ.”